ಸಹಾಯ ಬೇಕು: ಉಪಮೆ ಸಿಕ್ತು, ಭಾವ ಎಲ್ಲಿಂದ ಬಂತು?

ಗದ್ಯಭಾಗ ಓದಿ ಉತ್ತರಿಸುವ ಪ್ರಶ್ನೆಗಳಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಅಲಂಕಾರ ಗುರುತಿಸೋದು ಕಷ್ಟ ಇಲ್ಲ. ಉಪಮೇಯ (ಯಾವುದನ್ನು ಹೋಲಿಸ್ತೀವೋ ಅದು), ಉಪಮಾನ (ಯಾವುದಕ್ಕೆ ಹೋಲಿಸ್ತೀವೋ ಅದು), ವಾಚಕ ಪದ (‘ಅಂತೆ’ ಥರದ ಹೋಲಿಕೆಯ ಪದ), ಸಮಾನ ಧರ್ಮ (ಎರಡರಲ್ಲೂ ಇರೋ ಗುಣ), ಈ 4 ಇದ್ದರೆ ಪೂರ್ಣೋಪಮೆ. ಯಾವುದಾದರೂ ಬಿಟ್ಟುಹೋಗಿದ್ದರೆ ಲುಪ್ತೋಪಮೆ. ‘ಏನೋ ಎಂಬಂತೆ’ ಅಂತ ಕಲ್ಪಿಸಿ ಹೇಳಿದ್ದರೆ ಉತ್ಪ್ರೇಕ್ಷೆ. (ಬರೀ ‘ಅಂತೆ’ ನೋಡಿ ಉಪಮೆ ಅಂತ ಬರೆದರೆ ಇಲ್ಲೇ ಎಡವೋದು.)

ತೊಡಕು ಇರೋದು ಪದದ ಧ್ವನಿಯಲ್ಲಿ, ಅಂದರೆ ಅದು ಸೂಚಿಸೋ ಭಾವದಲ್ಲಿ. ಈ ಎರಡು ವಾಕ್ಯ ನೋಡಿ:

‘ಕತ್ತಲೆ ಬೆಕ್ಕಿನಂತೆ ಮುದುಡಿ ಮಲಗಿತ್ತು.’
‘ಕತ್ತಲೆ ಬೆಕ್ಕಿನಂತೆ ಹೊಂಚು ಹಾಕಿತ್ತು.’

ಉಪಮಾನ ಎರಡರಲ್ಲೂ ಬೆಕ್ಕೇ. ಆದರೆ ಮೊದಲನೆಯದು ಬೆಚ್ಚಗಿದೆ, ಎರಡನೆಯದು ಹೆದರಿಸುತ್ತೆ. ಅಂದರೆ ಭಾವ ಬಂದಿದ್ದು ಕ್ರಿಯಾಪದದಿಂದ ಅಲ್ವಾ?

ಪದ ಬದಲಿಸಿ ನೋಡುವ ಉಪಾಯ ಮಾಡಿದೆ. ‘ಮಿತವ್ಯಯಿ’ ಜಾಗಕ್ಕೆ ‘ಜಿಪುಣ’ ಹಾಕಿದರೆ ಮೆಚ್ಚುಗೆ ಹೋಗಿ ತಾತ್ಸಾರ ಬರುತ್ತೆ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ. ‘ಭಾರಿ ಜಾಣ ನೀನು!’ ಅನ್ನೋ ಕಡೆ ಮಾತ್ರ ಈ ಉಪಾಯ ಕೈಕೊಡುತ್ತೆ: ‘ಬುದ್ಧಿವಂತ’ ಅಂತ ಬದಲಿಸಿದರೂ ವ್ಯಂಗ್ಯ ಹಾಗೇ ಉಳಿಯುತ್ತೆ. ನಿಘಂಟು ವಾಚ್ಯಾರ್ಥ (ಪದದ ನೇರ ಅರ್ಥ) ಕೊಟ್ಟು ಸುಮ್ಮನಾಗುತ್ತೆ.

ಹಾಗಾಗಿ ತಿಳಿದವರು ಹೇಳಿ: ‘ಈ ವಾಕ್ಯ ಯಾವ ಭಾವ ಮೂಡಿಸುತ್ತದೆ? ಕಾರಣ ಕೊಡಿ’ ಅಂತ ಕೇಳಿದಾಗ ಆಧಾರವಾಗಿ ಉಪಮಾನವನ್ನು ತೋರಿಸಬೇಕೋ, ಕ್ರಿಯಾಪದವನ್ನೋ? ವ್ಯಂಗ್ಯ ಇದ್ದಾಗ ಹಿಂದಿನ ವಾಕ್ಯದಲ್ಲಿ ನಿರ್ದಿಷ್ಟವಾಗಿ ಏನನ್ನು ಹುಡುಕಬೇಕು?