ಜೆರಾಕ್ಸ್‌ಗೆ ಗೆಜೆಟೆಡ್ ಅಧಿಕಾರಿ ಸಹಿ ಈಗಲೂ ಬೇಕಾ?

ತಂಗಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಅಂಕಪಟ್ಟಿ ಜೆರಾಕ್ಸ್ ಮೇಲೆ ಗೆಜೆಟೆಡ್ ಅಧಿಕಾರಿ ಸಹಿ, ಸೀಲು ಬೇಕೇ ಬೇಕು ಅಂದರಂತೆ. ಈ ನಿಯಮ ಹೋಗಿತ್ತು ಅಲ್ವಾ?

ಉತ್ತರ 1: ಹೌದು. 2014ರಲ್ಲೇ ಕೇಂದ್ರ ಸರ್ಕಾರ ಸ್ವಯಂ ದೃಢೀಕರಣಕ್ಕೆ ಒತ್ತು ಕೊಟ್ಟಿತು, ರಾಜ್ಯಗಳಿಗೂ ಹೇಳಿತು. ಪ್ರತಿಯ ಮೇಲೆ ಅರ್ಜಿ ಹಾಕುವವರೇ ಸಹಿ ಹಾಕಿ, ಕೊನೆಯ ಹಂತದಲ್ಲಿ ಮೂಲ ದಾಖಲೆ ತೋರಿಸಿದರೆ ಆಯ್ತು. ಸುಳ್ಳು ದಾಖಲೆ ಕೊಟ್ಟರೆ ಶಿಕ್ಷೆ ಇದ್ದೇ ಇದೆ.

ಉತ್ತರ 2: ಮೊದಲು ಆ ಕೆಲಸದ ಅಧಿಸೂಚನೆ ಓದಿ. ಅದರಲ್ಲಿ ಕೇಳಿಲ್ಲದಿದ್ದರೆ, ಬೇಕು ಅನ್ನುವುದನ್ನು ಬರೆದು ಕೊಡಿ ಎಂದು ಕೇಳಿ.

ಉತ್ತರ 3: ಹಳ್ಳಿಯಿಂದ ಬಸ್ ಹತ್ತಿ ಬಂದು, ಪರಿಚಯವೇ ಇಲ್ಲದ ಅಧಿಕಾರಿಯ ಬಾಗಿಲಲ್ಲಿ ಒಂದು ಸೀಲಿಗಾಗಿ ಸುಮ್ನೆ ಕಾಯಬೇಕಿತ್ತು. ಜನರನ್ನು ನಂಬುವುದು ಸರ್ಕಾರಕ್ಕೆ ಯಾಕೆ ಇಷ್ಟು ಕಷ್ಟ?

ಪ್ರಶ್ನೆ ಕೇಳಿದವರು: ಅಧಿಸೂಚನೆಯಲ್ಲಿ ಸ್ವಯಂ ದೃಢೀಕರಣ ಅಂತಲೇ ಇದೆ! ನಾಳೆ ಅದರ ಪ್ರಿಂಟ್ ಹಿಡಿದು ಹೋಗುತ್ತಾಳೆ.