ಮಾಂಗೊಡಿಬಿಯಲ್ಲಿ ಆನ್‌ಲೈನ್ ಅಂಗಡಿ: ಬೆಲೆ, ಸ್ಟಾಕ್ ಹೇಗೆ ಇಡುವುದು?

ಕುಡ್ಲ_ಡೆವ್:
ಉಡುಪಿಯ ಒಂದು ಅಂಗಡಿಗೆ ಸೈಟ್ ಮಾಡ್ಲಿಕ್ಕುಂಟು. ಉಡುಪಿ ಸೀರೆಗೆ ಬಣ್ಣ, ಉದ್ದ. ಗೋಡಂಬಿಗೆ ಗ್ರೇಡ್, ತೂಕ. ಶಂಕರಪುರ ಮಲ್ಲಿಗೆಗೆ ಚೆಂಡು, ಅಟ್ಟೆ ಲೆಕ್ಕ. ಒಂದೊಂದಕ್ಕೆ ಒಂದೊಂದು ವಿವರ, ಹಾಗಾಗಿ ಮಾಂಗೊಡಿಬಿ (ಪ್ರತಿ ದಾಖಲೆಗೂ ಬೇರೆ ಬೇರೆ ವಿವರ ಇಡಬಹುದಾದ ಡೇಟಾಬೇಸ್). ಆರ್ಡರ್‌ನಲ್ಲಿ ಪ್ರಾಡಕ್ಟ್ ಐಡಿ ಮಾತ್ರ ಇಟ್ಟರೆ ಸಾಕಾ? ಒಂದೇ ಸೀರೆ ಉಳಿದಾಗ ಇಬ್ಬರು ಒಟ್ಟಿಗೆ ಒತ್ತಿದರೆ?

ಪಡುಕರೆ:
ಐಡಿ ಮಾತ್ರ ಸಾಲದು ಮಾರಾಯ್ರೆ. ಮಲ್ಲಿಗೆ ರೇಟು ದಿನಾ ಬದಲಾಗ್ತದೆ. ಆ ಹೊತ್ತಿನ ಹೆಸರು, ದರ, ಅಳತೆ, ಜಿಎಸ್‌ಟಿ ಎಲ್ಲ ಆರ್ಡರ್ ಡಾಕ್ಯುಮೆಂಟ್‌ನ (ಅಂದರೆ ಒಂದು ದಾಖಲೆ) ಒಳಗೇ ನಕಲು ಮಾಡಿಡಿ. ಇಲ್ಲದಿದ್ದರೆ ಹಳೇ ಬಿಲ್ಲು ತೆರೆದಾಗ ಇವತ್ತಿನ ರೇಟು ಕಾಣ್ತದೆ. ದುಡ್ಡು ಪೈಸೆಯಲ್ಲಿ ಪೂರ್ಣಾಂಕವಾಗಿರಲಿ: ₹249.50 ಅಂದರೆ 24950. ಡಬಲ್‌ನಲ್ಲಿ (ದಶಮಾಂಶ ಸಂಖ್ಯೆಯಾಗಿ) ಇಟ್ಟರೆ ಕೂಡುವಾಗ ಪೈಸೆ ಲೆಕ್ಕ ತಪ್ಪುತ್ತದೆ.

ಸ್ಟಾಕನ್ನು ಮೊದಲು ಓದಿ, ಕೋಡ್‌ನಲ್ಲಿ ಕಳೆದು, ಮತ್ತೆ ಬರೆಯುವುದು ಬೇಡವೇ ಬೇಡ. ಎರಡರ ನಡುವೆ ಇನ್ನೊಬ್ಬರು ನುಗ್ಗುತ್ತಾರೆ. ಒಂದೇ ಅಪ್‌ಡೇಟ್ ಸಾಕು: ಫಿಲ್ಟರ್‌ನಲ್ಲಿ ಐಡಿಯ ಜೊತೆ ‘ಸ್ಟಾಕ್ 1 ಅಥವಾ ಹೆಚ್ಚು’ ಎಂಬ ಷರತ್ತು, ಬದಲಾವಣೆಗೆ $ಇಂಕ್ -1 (ಒಂದು ಕಡಿಮೆ ಮಾಡು). ಒಂದು ಡಾಕ್ಯುಮೆಂಟಿನ ಬರಹ ಅಟಾಮಿಕ್ (ನಡುವೆ ಯಾರೂ ನುಗ್ಗಲಾಗದು), ಆದ್ದರಿಂದ ಎರಡನೆಯವರಿಗೆ ಮಾಡಿಫೈಡ್‌ಕೌಂಟ್ (ಬದಲಾದ ಡಾಕ್ಯುಮೆಂಟ್‌ಗಳ ಎಣಿಕೆ) 0 ಬರ್ತದೆ. ಆಗ ‘ಮುಗಿದಿದೆ’ ಅಂತ ತೋರಿಸಿ.

ಸ್ಕೀಮಾ_ಭಟ್ರು:
ಕಾರ್ಟಿನಲ್ಲಿ ಸೀರೆಯೂ ಗೋಡಂಬಿಯೂ ಇದ್ದರೆ ಡಾಕ್ಯುಮೆಂಟ್ ಎರಡು, ಟ್ರಾನ್ಸಾಕ್ಷನ್ (ಎಲ್ಲ ಬದಲಾವಣೆ ಒಟ್ಟಿಗೆ ಆಗುವುದು, ಇಲ್ಲವೇ ಯಾವುದೂ ಆಗದಿರುವುದು) ಬೇಕು. ಮಾಂಗೊಡಿಬಿ 4.0ರಿಂದ ಉಂಟು, ಆದರೆ ರೆಪ್ಲಿಕಾ ಸೆಟ್ (ಒಂದೇ ಡೇಟಾದ ಪ್ರತಿಗಳನ್ನಿಡುವ ಸರ್ವರ್ ಗುಂಪು) ಇದ್ದರೆ ಮಾತ್ರ. ಹಾಗೆ ಹೊಂದಿಸದ ಒಂಟಿ ಸರ್ವರ್‌ನಲ್ಲಿ ಎರರ್. ಲ್ಯಾಪ್‌ಟಾಪಿನಲ್ಲಿ ಒಂದೇ ಸರ್ವರ್‌ನ ರೆಪ್ಲಿಕಾ ಸೆಟ್ ಸಾಕು. ಗಿರಾಕಿಗಳ ರಿವ್ಯೂಗಳನ್ನು ಪ್ರಾಡಕ್ಟಿನೊಳಗೆ ತುಂಬಿಸಬೇಡಿ. ಒಂದು ಡಾಕ್ಯುಮೆಂಟಿನ ಮಿತಿ 16 ಎಂಬಿ, ಅದಕ್ಕಿಂತ ಎಷ್ಟೋ ಮೊದಲೇ ಪೇಜ್ ನಿಧಾನ ಆಗ್ತದೆ. ಬಣ್ಣ, ಗ್ರೇಡ್‌ಗಳನ್ನು ಹೆಸರು-ಮೌಲ್ಯದ ಜೋಡಿಗಳ ಅರೇ ಮಾಡಿದರೆ ಒಂದೇ ಕಾಂಪೌಂಡ್ ಇಂಡೆಕ್ಸ್‌ನಲ್ಲಿ (ಹೆಸರು, ಮೌಲ್ಯ ಎರಡನ್ನೂ ಸೇರಿಸಿದ ಹುಡುಕು ಪಟ್ಟಿ) ಎಲ್ಲ ಫಿಲ್ಟರ್ ಓಡ್ತದೆ.

ಕುಡ್ಲ_ಡೆವ್:
ಪೇಮೆಂಟ್ ಅರ್ಧಕ್ಕೆ ಬಿಟ್ಟರೆ? ಟಿಟಿಎಲ್ ಇಂಡೆಕ್ಸ್ (ಗಡುವು ಮುಗಿದ ಡಾಕ್ಯುಮೆಂಟ್ ತಾನಾಗಿ ಅಳಿಸುವ ಏರ್ಪಾಡು) ಹಾಕಿದರೆ ಆಯ್ತಲ್ವಾ?

ಪಡುಕರೆ:
ಆಗುದಿಲ್ಲ. ಟಿಟಿಎಲ್ ಡಾಕ್ಯುಮೆಂಟ್ ಅಳಿಸ್ತದೆ ಅಷ್ಟೇ, ಹಿಡಿದಿಟ್ಟ ಸ್ಟಾಕ್ ವಾಪಸ್ ಹಾಕುವುದಿಲ್ಲ. ಸೀರೆ ಕಪಾಟಿನಲ್ಲೇ ಇದ್ದರೂ ಸೈಟ್‌ನಲ್ಲಿ ಖಾಲಿ. ಆರ್ಡರ್‌ಗೆ ‘ಹೋಲ್ಡ್’ ಸ್ಥಿತಿ, 15 ನಿಮಿಷದ ಗಡುವು ಕೊಡಿ. ಪ್ರತಿ ನಿಮಿಷ ಓಡುವ ಜಾಬ್ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಸ್ಥಿತಿಯನ್ನು ‘ರದ್ದು’ ಮಾಡಿ ಸ್ಟಾಕ್ ಏರಿಸಲಿ. ರದ್ದಾದ ಮೇಲೆ ಪೇಮೆಂಟ್ ಬಂದರೆ ಸ್ಟಾಕ್ ಮತ್ತೆ ಹಿಡಿಯಲು ನೋಡಿ, ಸಿಗದಿದ್ದರೆ ರೀಫಂಡ್. ಗೇಟ್‌ವೇಯ ವೆಬ್‌ಹುಕ್ (ಪೇಮೆಂಟ್ ಆಯ್ತೆಂದು ಸೈಟಿಗೆ ಬರುವ ಸಂದೇಶ) ಎರಡು ಸಲ ಬರುವುದುಂಟು, ಪೇಮೆಂಟ್ ಐಡಿಗೆ ಯುನೀಕ್ ಇಂಡೆಕ್ಸ್ (ಒಂದೇ ಐಡಿ ಎರಡು ಸಲ ಸೇರದಂತೆ ತಡೆಯುವುದು) ಹಾಕದೆ ಲೈವ್ ಮಾಡಬೇಡಿ.