ಸಹಾಯ ಬೇಕು: ಆರ್ಟೀಮಿಯಾ ತತ್ತಿ ಅರ್ಧಕ್ಕರ್ಧ ಒಡೀವಲ್ವು

ಎಲ್ಲಾರಿಗೂ ನಮಸ್ಕಾರ್ರೀ, ವಿಜಯಪುರದಿಂದ. ಬೆಟ್ಟಾ ಮೀನಿನ ಮರಿಗಳಿಗೆ ತಿನ್ನಾಕ ಆರ್ಟೀಮಿಯಾ (ಉಪ್ಪುನೀರಿನ ಸಣ್ಣ ಸೀಗಡಿಯಂಥಾ ಜೀವಿ) ಬೇಕು, ಆದ್ರ 48 ತಾಸಾದ್ರೂ ಅರ್ಧ ತತ್ತಿ ಹಂಗ ಉಳೀತಾವ.

2 ಲೀಟರ್ ಬಾಟಲಿ ತಳ ಕೊಯ್ದು ತಲೆಕೆಳಗ ನಿಲ್ಲಿಸೀನಿ. ಒಂದು ದಿನ ತೆರೆದಿಟ್ಟ ನಲ್ಲಿ ನೀರು 1 ಲೀಟರ್, ಕಲ್ಲುಪ್ಪು 25 ಗ್ರಾಂ, ಅಡುಗೆ ಸೋಡಾ ಅರ್ಧ ಚಮಚ, ತತ್ತಿ 1 ಗ್ರಾಂ. ಗಾಳಿ ಪೈಪಿನ ತುದಿ ತಳದಾಗ. ಏರ್‌ಸ್ಟೋನ್ (ಪೈಪಿನ ತುದಿಗೆ ಹಾಕೋ ಸಣ್ಣ ತೂತಿನ ಕಲ್ಲು) ಹಾಕಿಲ್ಲ, ಅದರ ಸಣ್ಣ ಗುಳ್ಳಿಗೆ ನೊರಿ ಎದ್ದು ತತ್ತಿ ಗೋಡೆಗೆ ಅಂಟತಾವ. ಬಲ್ಬ್ ಹಗಲೂ ರಾತ್ರಿ ಉರೀತದ.

ಭೂತಗನ್ನಡಿಯೊಳಗ ನೋಡಿದ್ರ ಗೋಡೆಗೆ ಅಂಟಿದವು ಒಂದ್ಕಡೆ ತಗ್ಗು ಬಿದ್ದಾವ, ಅಂದ್ರ ನೀರೇ ಕುಡದಿಲ್ಲ. ಅವನ್ನ ಬಿಡ್ರಿ, ನೀರಾಗಿನವು ದುಂಡಗ ಉಬ್ಬ್ಯಾವ, ಆದ್ರೂ ಒಡೀವಲ್ವು.

ನನ್ನ ಗುಮಾನಿ ಚಳಿ ಮ್ಯಾಲ. ಬೇಕಾದ್ದು 26ರಿಂದ 28 ಡಿಗ್ರಿ, ಬೆಳಗಿನ ಜಾವ ನೀರು 20ಕ್ಕ ಇಳೀತದ. ಡಬ್ಬಿ ಒಡದೂ ಆರು ತಿಂಗಳಾತು, ಫ್ರಿಜ್ಜಿನಾಗ ಇಟ್ಟಿಲ್ಲ.

ಬಾಟಲಿನ ಬಕೆಟ್ ನೀರಾಗ ಇಳಿಸಿ, ಆ ಬಕೆಟ್ಟಿಗೆ 50 ವ್ಯಾಟ್ ಹೀಟರ್ ಹಾಕಿದ್ರ ಸಾಕೇನ್ರಿ? ಹಳೇ ತತ್ತಿಗೆ ಬ್ಲೀಚಿನಾಗ ಸಿಪ್ಪಿ ಕರಗಿಸಿದ್ರ ಲಾಭ ಐತೇನು? ಒಡೀಲಾರದ ತತ್ತಿ ಮರಿ ಆರ್ಟೀಮಿಯಾ ಜೋಡಿನೇ ತಳಕ್ಕ ಕೂಡತಾವ, ಬ್ಯಾರೆ ಮಾಡೋದು ಹ್ಯಾಂಗ?